ಆಚೆ ದಡದವನು

ರೆನಾಟಾ ಕುಚೆರಾಗೆ ಡಾಕ್ಟರೇಟ್ ಬಂದಾಗಿತ್ತು, ಹೆಸರಿನ ಮುಂದೆ ಡಾಕ್ಟರ್ ಅಂತ ಅಂಟಿಸಿಕೊಂಡೂ ಆಗಿತ್ತು, ಆದರೂ ಕಲಿಕೆ ಮುಗಿದಿರಲಿಲ್ಲ. ಮನಶ್ಶಾಸ್ತ್ರ ಓದಿದವರ ಹಣೆಬರಹವೇ ಅಷ್ಟು. ಅರ್ಧ ಯೌವನ ಪುಸ್ತಕಕ್ಕೆ ಸುರಿದ ಮೇಲೂ ಇನ್ನೊಂದು ವರ್ಷ ಯಾರದೋ ಕೈಕೆಳಗೆ ಪಳಗಬೇಕು. ಆ ವರ್ಷವನ್ನು ಕಳೆಯಲು ಅವಳು ಬಂದದ್ದು ಉತ್ತರ ಡಕೋಟಾದ ಬಯಲಿನ ನಡುವೆ ಕೂತಿದ್ದ, ಮಾಜಿ ಸೈನಿಕರ ಒಂದು ಸಣ್ಣ ಆಸ್ಪತ್ರೆಗೆ. ಬಂದಾಗ ಸೂರ್ಯಕಾಂತಿ ಹೊಲಗಳು ಒಣಗಿ ತಲೆ ಬಗ್ಗಿಸಿದ್ದವು. ಬಾಡಿಗೆ ಮನೆಯ ಪೆಟ್ಟಿಗೆಗಳನ್ನು ಬಿಚ್ಚಿ ಮುಗಿಸುವಷ್ಟರಲ್ಲಿ ಹಿಮ ಬಿದ್ದು ಹೊಲ ಯಾವುದು, ರಸ್ತೆ ಯಾವುದು ಎಂದು ಗೊತ್ತಾಗದಂತಾಯಿತು.

ಅಲ್ಲಿ ಅವಳ ಕೆಲಸ ವಿಚಿತ್ರವಾಗಿತ್ತು. ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟರೆ ಆ ಊರಿನ ಗಂಡಸರು ಅದನ್ನು ಜೇಬಿಗೆ ತುರುಕಿ ಅಲ್ಲೇ ಮರೆತುಬಿಡುತ್ತಾರೆ. ಅದಕ್ಕೇ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ಬಂದವನನ್ನು ನೋಡುತ್ತಾ ನೋಡುತ್ತಾ ಡಾಕ್ಟರಿಗೆ ನೋವು ಬೇರೆಲ್ಲೋ ಇದೆ ಅನ್ನಿಸಿದರೆ, ಅವರೇ ಎದ್ದು ರೋಗಿಯನ್ನು ಕರೆದುಕೊಂಡು ಬಂದು ಎದುರು ಕೋಣೆಯಲ್ಲಿದ್ದ ರೆನಾಟಾಗೆ ಒಪ್ಪಿಸಿ ಹೋಗುತ್ತಿದ್ದರು. ಎದುರಿಗೇ ತಂದು ನಿಲ್ಲಿಸಿದರೆ ಮರ್ಯಾದೆಗೆ ಅಂಜಿಯಾದರೂ ಕೂರುತ್ತಾರೆ. ಆ ಕೋಣೆಯ ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಇದ್ದವು. ಯುದ್ಧ ಕಂಡುಬಂದವರು ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಒಬ್ಬೊಬ್ಬರಿಗೆ ಅರ್ಧ ಗಂಟೆ, ಅಷ್ಟರಲ್ಲಿ ಏನು ಬಿಚ್ಚಿಕೊಳ್ಳುತ್ತಾರೋ ಅಷ್ಟೇ.

ಹಾಗೆ ಒಂದು ಬೆಳಿಗ್ಗೆ ಡಾಕ್ಟರ್ ಪ್ರೂಟ್ ಕರೆದುತಂದದ್ದು ಲೋವೆಲ್ ಟ್ವೆಟ್‌ನನ್ನು. ಗೋಧಿ ಬೆಳೆದು ನಿವೃತ್ತನಾದ ಮುದುಕ, ಹತ್ತೊಂಬತ್ತರ ಹರೆಯದಲ್ಲಿ ವಿಯೆಟ್ನಾಂಗೆ ಹೋಗಿ ಬಂದವನು. ಗುದ್ದಲಿ ಹಿಡಿಯಲೆಂದೇ ಮಾಡಿದ ಹಾಗಿದ್ದ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಹಿಂದೆಯೇ ಅವನ ಹೆಂಡತಿ ಆರ್ಡಿಸ್, ಗುಬ್ಬಿಯಷ್ಟು ಹೆಂಗಸು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಬಂದಳು.

"ಬಿಪಿ ಇಳೀತಾನೇ ಇಲ್ಲ. ರಾತ್ರಿ ನಿದ್ದೆ ಇಲ್ಲ ಅಂತ ಕಾಣುತ್ತೆ. ಸ್ವಲ್ಪ ಮಾತಾಡಮ್ಮಾ," ಎಂದು ಪ್ರೂಟ್ ಹೊರಟುಹೋದರು.

"ನಿದ್ದೆಗೇನೂ ತೊಂದ್ರೆ ಇಲ್ಲ. ಪರವಾಗಿಲ್ಲ," ಎಂದ ಲೋವೆಲ್.

"ಪರವಾಗಿಲ್ವಂತೆ!" ಆರ್ಡಿಸ್ ಕುರ್ಚಿಯಲ್ಲೇ ತಿರುಗಿದಳು. "ಇವ್ನಿಗೆ ಮನೆಗೆ ಬೆಂಕಿ ಬಿದ್ರೂ ಪರವಾಗಿಲ್ಲ. ನೋಡು ಮಗಳೇ, ನಾನು ಹೇಳ್ತೀನಿ ಕೇಳು. ಮದುವೆ ಆದ ಹೊಸದ್ರಲ್ಲಿ ಒಂದು ರಾತ್ರಿ ಇವ್ನು ನಿದ್ದೆಗಣ್ಣಲ್ಲಿ ನನ್ನ ಕುತ್ತಿಗೆ ಹಿಡ್ದ. ಎದ್ದು ನೋಡಿ ಮಗು ಥರ ಅತ್ತ. ಅವತ್ತೇ ಹಾಸಿಗೆ ಎತ್ಕೊಂಡು ಬೇರೆ ಕೋಣೆಗೆ ಹೋದೋನು ಇವತ್ತಿಗೂ ವಾಪಸ್ ಬಂದಿಲ್ಲ."

"ಆರ್ಡಿಸ್, ಸಾಕು."

"ಏನು ಸಾಕು? ನನ್ನ ಹೃದಯದ ಡಾಕ್ಟ್ರು ಮುಂದಿನ ಬೇಸಿಗೆ ನೋಡೋದು ಕಷ್ಟ ಅಂದಿದಾರೆ. ನಾನೇನು ಹವಾಯಿಗೆ ಕರ್ಕೊಂಡ್ಹೋಗು ಅಂದೆನಾ? ಸಾಯೋದ್ರೊಳಗೆ ಗಂಡನ ಪಕ್ಕ ಮಲಗ್ಬೇಕು ಅಂದೆ. ಅಷ್ಟೇ."

ಲೋವೆಲ್ ಕಿಟಕಿಯಾಚೆಗಿನ ಹಿಮ ನೋಡುತ್ತಾ ಕೂತ. ಕೈಗಳು ತೊಡೆಯಡಿಯಿಂದ ಹೊರಗೆ ಬರಲಿಲ್ಲ. ರೆನಾಟಾಳ ಕರುಳು ಚುರ್ ಎಂದಿತು. ತರಬೇತಿಯಲ್ಲಿ ಕರುಳಿಗೂ ಒಂದು ಪಾಠ ಇಟ್ಟಿದ್ದರೆ ಚೆನ್ನಾಗಿತ್ತು, ಆದರೆ ಇಟ್ಟಿರಲಿಲ್ಲ.

ಕನಸನ್ನು ಹೊರಗೆ ಎಳೆಯಲು ಎರಡು ಭೇಟಿ ಬೇಕಾದವು. "ಒಂದು ಹೊಳೆ," ಎಂದ ಲೋವೆಲ್. "ಆಚೆ ದಡದಲ್ಲಿ ಒಬ್ಬ ನಿಂತಿರ್ತಾನೆ. ಮುಖ ಕಾಣಲ್ಲ. ಮಾತಿಲ್ಲ, ಕೂಗಿಲ್ಲ, ಸುಮ್ನೆ ಈ ಕಡೆ ನೋಡ್ತಿರ್ತಾನೆ. ಆಮೇಲೆ ನೀರಿಗೆ ಕಾಲಿಡ್ತಾನೆ. ನಡು ಹೊಳೆಗೆ ಬರೋಷ್ಟರಲ್ಲಿ ನಾನು ಹೋಗಿ ಅವನ ಕುತ್ತಿಗೆ ಹಿಡೀತೀನಿ. ಎಚ್ಚರ ಆಗುತ್ತೆ. ಪ್ರತಿ ರಾತ್ರಿ ಇದೇ."

ಇನ್ನೊಂದು ಸಲ, ಕೇಳದೆಯೇ, ಪರ್ಡಿ ಎಂಬವನ ವಿಷಯ ಹೇಳಿದ. ಅವರ ತುಕಡಿ ಒಂದು ಹೊಳೆ ದಾಟುವಾಗ ಪರ್ಡಿ ಆಚೆಯೇ ಉಳಿದುಬಿಟ್ಟ. ಹಿಂದೆ ಹೋಗಬೇಡಿ ಎಂದು ಅಪ್ಪಣೆ ಆಯಿತು. ಬಹಳ ಹೊತ್ತಿನವರೆಗೆ ಅವನು ಕೂಗುವುದು ಕೇಳುತ್ತಿತ್ತಂತೆ. ಅಷ್ಟು ಹೇಳಿ ಲೋವೆಲ್ ಬಾಯಿಗೆ ಬೀಗ ಹಾಕಿಕೊಂಡ. ರೆನಾಟಾ ಇದನ್ನೂ ಅದನ್ನೂ ಕೂಡಿಸಿದಳು. ಹೊಳೆಗೆ ಹೊಳೆ, ಆಚೆ ದಡಕ್ಕೆ ಆಚೆ ದಡ. ಕೂಡಿಸದೆ ಇರಲು ಹೇಗೆ ಸಾಧ್ಯ? ಅವಳು ಓದಿದ ಪುಸ್ತಕಗಳೆಲ್ಲ ಹೀಗೇ ಕೂಡಿಸಿದ್ದವು.

ಇಂಥ ಕನಸಿಗೆ ಒಂದು ಚಿಕಿತ್ಸೆ ಇದೆ. ಕನಸನ್ನು ಹಗಲಲ್ಲಿ ಬರೆಸುತ್ತಾರೆ, ಅದಕ್ಕೆ ಬೇರೆ ಕೊನೆ ಬರೆಸುತ್ತಾರೆ, ಆ ಹೊಸ ಕೊನೆಯನ್ನು ಪ್ರತಿದಿನ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಓಡಿಸಿ ನೋಡಲು ಹೇಳುತ್ತಾರೆ. ಕೆಲವು ವಾರಗಳಲ್ಲಿ ರಾತ್ರಿಯ ಕನಸೂ ಹಗಲಿನ ಮಾತು ಕೇಳತೊಡಗುತ್ತದೆ. ಒಂದೇ ಒಂದು ನಿಯಮ. ಕೊನೆಯನ್ನು ರೋಗಿಯೇ ಹುಡುಕಬೇಕು. ಚಿಕಿತ್ಸೆ ಕೊಡುವವರು ಬಾಯಿ ಹೊಲಿದುಕೊಂಡು ಕೂರಬೇಕು, ಒಂದು ಪದ ಕೂಡ ಎತ್ತಿ ಕೊಡಬಾರದು.

ಲೋವೆಲ್‌ಗೆ ಕೊನೆ ಸಿಗಲಿಲ್ಲ. ಬರುತ್ತಿದ್ದ, ಪೆನ್ನು ಹಿಡಿಯುತ್ತಿದ್ದ, ಖಾಲಿ ಹಾಳೆಯನ್ನು ಹೊಲ ನೋಡುವ ಹಾಗೆ ನೋಡುತ್ತಿದ್ದ, ಅರ್ಧ ಗಂಟೆ ಮುಗಿಯುತ್ತಿತ್ತು. ಪಕ್ಕದಲ್ಲಿ ಆರ್ಡಿಸಳ ಉಸಿರು ಪ್ರತಿ ಸಲವೂ ಒಂದಿಷ್ಟು ಗಿಡ್ಡವಾಗುತ್ತಿತ್ತು. ಒಂದು ದಿನ ರೆನಾಟಾಳಿಗೆ ತಡೆಯಲಾಗಲಿಲ್ಲ.

"ಅವನು ದಾಟಿ ಬಂದ್ರೆ ಏನಾಗುತ್ತೆ ಮಿಸ್ಟರ್ ಟ್ವೆಟ್?" ಎಂದಳು. "ಕುತ್ತಿಗೆ ಹಿಡಿಯೋ ಬದ್ಲು ಕೈ ಹಿಡ್ಕೊಳ್ಳಿ. ದಡ ಹತ್ತಿಸಿ. ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಡಿ. ಪಾಪ, ಎಷ್ಟು ವರ್ಷದಿಂದ ನಿಂತಿದಾನೆ."

ಲೋವೆಲ್ ತಲೆಯೆತ್ತಿದ. "ದಾಟಿ ಬರ್ಲಿ ಅಂತೀರಾ?"

"ಬರ್ಲಿ."

"ನಾನು ಬಿಟ್ಕೋಬೇಕು ಅಂತೀರಾ?"

"ಹೌದು. ಬಿಟ್ಕೊಳ್ಳಿ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನ ಮೊಣಕೈ ತಟ್ಟಿದಳು. "ಸರಿ ಹಾಗಾದ್ರೆ," ಎಂದು ಹಾಳೆಯ ಮೇಲೆ ಬಗ್ಗಿದ. "ಇದು ನಿಮ್ಮ ಮಾತು, ಡಾಕ್ಟ್ರೇ. ನಂದಲ್ಲ."

ಆ ಮಾತನ್ನು ಅವಳು ಡಕೋಟಾದವರ ಎಂದಿನ ಸಂಕೋಚ ಎಂದುಕೊಂಡಳು.

ಔಷಧ ಹತ್ತಿತು. ಹತ್ತಿದ್ದು ಎಂದರೆ ಎಂಥಾದ್ದು! ಕ್ರಿಸ್ಮಸ್ ಹೊತ್ತಿಗೆ ಲೋವೆಲ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಬಿಪಿ ಇಳಿಯಿತು. ಆರ್ಡಿಸ್ ಆಲೂಗಡ್ಡೆಯ ಲೆಫ್ಸೆ ರೊಟ್ಟಿಗಳಿಗೆ ಬೆಣ್ಣೆ ಸಕ್ಕರೆ ಸವರಿ, ಸುತ್ತಿ, ಡಬ್ಬಿ ತುಂಬ ತಂದು ಆಸ್ಪತ್ರೆಯವರಿಗೆಲ್ಲ ಹಂಚಿದಳು. ಎಲ್ಲರೂ ಕೇಳುವ ಹಾಗೆ, "ಒಂದೇ ಹಾಸಿಗೆ! ಗೊರಕೆ ಹೊಡೀತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ! ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದಾನೆ!" ಎಂದಳು. ಮುದುಕ ಕೆಂಪಾಗಿ ಹಿಮ ತೆಗೆಯುವ ನೆಪ ಹೇಳಿ ಗಾಡಿಯ ಕಡೆ ಓಡಿದ. ರೆನಾಟಾ ಆ ದಿನ ಒಂಟಿ ಮನೆಗೆ ಹೋಗಿ, ತನಗೆ ತಾನೇ ಒಂದು ಗ್ಲಾಸ್ ವೈನ್ ಸುರಿದುಕೊಂಡು, ತಾನು ಈ ಕೆಲಸಕ್ಕೇ ಹುಟ್ಟಿದವಳು ಎಂದುಕೊಂಡಳು.

ತರಬೇತಿಯಲ್ಲಿರುವವರ ಪ್ರತಿಯೊಂದು ಭೇಟಿಯೂ ರೆಕಾರ್ಡ್ ಆಗುತ್ತದೆ. ಹಿರಿಯರು ಕೂತು ಕೇಳಿ ತಪ್ಪು ಹಿಡಿಯುತ್ತಾರೆ. ರೆನಾಟಾಳನ್ನು ಪಳಗಿಸುತ್ತಿದ್ದವಳು ಡಾಕ್ಟರ್ ಗೇಲ್ ಸಂಡ್‌ಬಿ. ಬಾಯಲ್ಲಿ ಯಾವಾಗಲೂ ಸೂರ್ಯಕಾಂತಿ ಬೀಜ, ಕೈಯಲ್ಲಿ ಸಿಪ್ಪೆ ಉಗಿಯಲು ಒಂದು ಕಾಗದದ ಲೋಟ. ಹೊಸವರ್ಷ ಕಳೆದ ಮೇಲೆ ಅವಳು ಕೊನೆ ಬರೆಸಿದ ಆ ಭೇಟಿಯ ರೆಕಾರ್ಡನ್ನು ಕೇಳಿದಳು. 'ಬರ್ಲಿ' ಎಂದು ರೆನಾಟಾಳ ದನಿ ಬಂದ ಕಡೆ ನಿಲ್ಲಿಸಿದಳು. ಜಗಿಯುವುದೂ ನಿಂತಿತು.

"ಈ ಕೊನೆ ಯಾರದಮ್ಮಾ?"

"ಅವರಿಗೆ ಸಿಗ್ತಿರ್ಲಿಲ್ಲ ಗೇಲ್. ಟೈಮ್ ಇರ್ಲಿಲ್ಲ. ಆರ್ಡಿಸ್..."

"ಯಾರದು ಅಂದೆ."

"ನಂದು."

"ಹೂಂ. ಆ ಹೊಳೇಲಿ ನಿಂತೋನು ಪರ್ಡಿ ಅಂತ ಅವರು ಎಲ್ಲಿ ಹೇಳಿದಾರೆ?"

ರೆನಾಟಾ ನೆನಪಿನಲ್ಲಿ ಹುಡುಕಿದಳು. ಎಲ್ಲಿಯೂ ಇರಲಿಲ್ಲ. "ಅದು... ಗೊತ್ತೇ ಆಗುತ್ತಲ್ಲ."

"ನಿಂಗೆ ಗೊತ್ತಾಗಿದೆ. ಅವರಿಗೆ ಗೊತ್ತಾಗಿದ್ಯಾ? ಪುಸ್ತಕದಲ್ಲಿದ್ದೋನನ್ನ ತಗೊಂಡ್ಹೋಗಿ ಅವರ ಹೊಳೇಲಿ ನಿಲ್ಲಿಸಿದೀಯ ನೀನು."

"ಆದ್ರೆ ಗುಣ ಆಯ್ತಲ್ಲ ಗೇಲ್. ಚೆನ್ನಾಗಿ ನಿದ್ದೆ ಬರ್ತಿದೆ."

"ಅದೇ ನಂಗೂ ಅರ್ಥ ಆಗ್ತಿಲ್ಲ," ಎಂದು ಗೇಲ್ ಸಿಪ್ಪೆ ಉಗಿದಳು. "ಬೇರೆಯವರ ಕೊನೆ ಯಾರಿಗೂ ಇಷ್ಟು ಬೇಗ ಹಿಡಿಯಲ್ಲ. ಹೋಗಿ ಕೇಳು, ದಾಟಿ ಬಂದೋನು ಯಾರು ಅಂತ."

ಕೇಳುವ ಮೊದಲೇ ಆರ್ಡಿಸ್ ಬಂದಳು. ಹೃದಯದ ತಪಾಸಣೆಗೆ ಬಂದವಳು, ಗಂಡನನ್ನು ಕೆಳಗೆ ಕಾಫಿಗೆ ಕಳಿಸಿ ಒಬ್ಬಳೇ ಕೋಣೆಯೊಳಗೆ ಇಣುಕಿದಳು. ಈಗ ಮೂಗಿಗೆ ಆಮ್ಲಜನಕದ ಕೊಳವೆ ಬಂದಿತ್ತು.

"ಬಿಡುವಿದ್ಯಾ ಮಗಳೇ? ಒಂದು ವಿಷಯ. ನಗಬಾರ್ದು ನೀನು." ಅವಳೇ ನಕ್ಕಳು. "ನಮ್ಮ ಹಾಸಿಗೇಲಿ ಈಗ ಮೂರು ಜನ."

"ಅಂದ್ರೆ?"

"ಅವನು. ಹೊಳೆ ದಾಟಿ ಬಂದೋನು. ಲೋವೆಲ್ ನಂಗೆ ಎಲ್ಲಾ ಹೇಳ್ತಾನೆ ಈಗ. ಮೊದಲು ದಡದ ಮೇಲೆ ಕೂತು ಕಾಫಿ ಕುಡೀತಿದ್ನಂತೆ. ಆಮೇಲೆ ದಡ ಬಿಟ್ಟು ರಸ್ತೆಗೆ ಬಂದ. ಆಮೇಲೆ ನಮ್ಮ ಅಂಗಳ. ಕನಸಲ್ಲೇ, ಕನಸಲ್ಲೇ. ಈಗ ಕೆಲವು ದಿನದಿಂದ ನಂಗೂ ಕಾಣ್ತಾನೆ. ನಾನೆಲ್ಲಿ ನಿದ್ದೆ ಮಾಡ್ತೀನಿ, ಈ ಎದೆ ಇಟ್ಕೊಂಡು? ಕಣ್ಣು ಬಿಟ್ಕೊಂಡೇ ಇರ್ತೀನಿ. ಬಂದು ಕಾಲ ಹತ್ರ ಕೂತ್ಕೋತಾನೆ. ಹಾಸಿಗೆ ಆ ಕಡೆ ಬಗ್ಗುತ್ತೆ."

"ಯಾರ ಕಾಲ ಹತ್ರ?"

"ನನ್ನ ಕಡೆ," ಎಂದಳು ಆರ್ಡಿಸ್, ಚರ್ಚಿನಲ್ಲಿ ಯಾರು ಎಲ್ಲಿ ಕೂತರು ಎಂದು ಹೇಳುವ ಹಾಗೆ. "ಮರ್ಯಾದಸ್ಥ. ಟೋಪಿ ತೆಗೆದು ತೊಡೆ ಮೇಲಿಟ್ಕೋತಾನೆ. ಮಾತಾಡಲ್ಲ."

ರೆನಾಟಾ ಕಲಿತವಳಲ್ಲವೇ? ಕಲಿತ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು. ಹೊಸ ಮಾತ್ರೆ ಶುರು ಮಾಡಿದಾರಾ? ಆಮ್ಲಜನಕ ಕಡಿಮೆಯಾದಾಗ ಇಲ್ಲದ್ದು ಕಾಣಬಹುದು, ಗೊತ್ತಾ? ನಿದ್ದೆಗೂ ಎಚ್ಚರಕ್ಕೂ ನಡುವೆ...

"ಎಲ್ಲಾ ಸರಿ," ಎಂದಳು ಆರ್ಡಿಸ್. "ಆದ್ರೆ ಮಾತ್ರೆ ನುಂಗಿದ್ರೆ ಹೊದಿಯೋ ಕ್ವಿಲ್ಟ್ ಒದ್ದೆ ಆಗುತ್ತಾ? ಬೆಳಿಗ್ಗೆ ನನ್ನ ಕಾಲ ಹತ್ರ ಹಿಂಡೋ ಹಾಗಿರುತ್ತೆ. ಹೊರಗೆ ಮೂಗಿನ ಉಸಿರು ಹೆಪ್ಪುಗಟ್ಟೋ ಚಳಿ. ಆ ನೀರು ಬೆಚ್ಚಗಿರುತ್ತೆ ಮಗಳೇ. ಕೆಸರು ವಾಸನೆ."

"ನಿಮಗೆ ಹೆದ್ರಿಕೆ ಆಗಲ್ವಾ?"

"ಮೊದಲ ರಾತ್ರಿ ಆಯ್ತು. ಕಿರುಚೋಣ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಲೋವೆಲ್ ಪಕ್ಕದಲ್ಲೇ ಇದ್ದ, ಬಾಯಿ ಬಿಟ್ಕೊಂಡು ಗೊರಕೆ ಹೊಡೀತಿದ್ದ. ಅವನನ್ನ ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ಮುಂದಿನ ಭೇಟಿಗೆ ಲೋವೆಲ್ ಒಬ್ಬನೇ ಬಂದ. ಮೊದಲಿನ ಕೆಂಪು ಇಳಿದು ಮುಖ ಬೂದಿಯಾಗಿತ್ತು. ರೆನಾಟಾ ಸುತ್ತಿ ಬಳಸದೆ ಕೇಳಿದಳು. "ಮಿಸ್ಟರ್ ಟ್ವೆಟ್, ದಾಟಿ ಬಂದೋನು ಪರ್ಡಿ ತಾನೇ?"

ಅವನು ಅವಳನ್ನು ಬಹಳ ಹೊತ್ತು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಪರ್ಡಿ ಅಂತ ನಿಮಗೆ ಯಾರು ಹೇಳಿದ್ರು ಡಾಕ್ಟ್ರೇ? ಪರ್ಡಿ ಕುಳ್ಳ. ನನ್ನ ಭುಜಕ್ಕೆ ಬರ್ತಿದ್ದ. ಇವನು ಉದ್ದ. ಬಾಗಿಲು ದಾಟೋಕೆ ತಲೆ ಬಗ್ಗಿಸ್ತಾನೆ."

"ನೀವು ಮುಂಚೆ ಹೇಳ್ಲೇ ಇಲ್ವಲ್ಲ."

"ನೀವು ಕೇಳ್ಲೇ ಇಲ್ವಲ್ಲ." ಅವಳ ಮುಖ ನೋಡಿ ಮತ್ತೆ ಅಂದ, "ನಿಮ್ದು ತಪ್ಪು ಅಂತ ಹೇಳ್ತಿಲ್ಲ. ನೀವು ಕಂಬಳಿ ಅಂದಾಗ ನಂಗೂ ಪರ್ಡಿನೇ ಆಗಿರ್ಲಿ ಅನ್ನಿಸ್ತು. ಅವನಿಗೆ ಕಂಬಳಿ ಹೊದಿಸ್ಬೇಕು ಅಂತ ಎಷ್ಟು ಆಸೆ ಇತ್ತು ನಂಗೆ! ಅದಕ್ಕೇ ಗೊತ್ತಿದ್ದೂ ಗೊತ್ತಿದ್ದೂ ಕೈ ಚಾಚಿದೆ. ಹಿಡ್ದ ಕೈ ಪರ್ಡಿದಲ್ಲ."

"ಮತ್ತೆ ಯಾರದು?"

"ಹೆಸರು ಗೊತ್ತಿಲ್ಲ. ಆದ್ರೆ ಪರ್ಡಿ ಕೂಗಿ ಕೂಗಿ ಸುಮ್ನಾದ್ನಲ್ಲ, ಆಗ ಆ ದಡದಲ್ಲಿ ನೋಡಿದ್ದೆ ಇವನನ್ನ. ಅವನ ಪಕ್ಕ ಬಗ್ಗಿ ನಿಂತಿದ್ದ. ಅಲ್ಲಿಂದ ನನ್ನ ಕಡೆ ತಿರುಗಿದ." ಲೋವೆಲ್ ತನ್ನ ಕೈಗಳನ್ನು ಮಗುಚಿ ನೋಡಿಕೊಂಡ. "ಇದನ್ನ ನಾನು ಐವತ್ತು ವರ್ಷ ಕಾಯಿಲೆ ಅಂದ್ಕೊಂಡಿದ್ದೆ. ಕಾಯಿಲೆ ಅಲ್ಲ. ಪಾಳಿ. ರಾತ್ರಿ ಪಾಳಿ. ಅವನು ಈ ಕಡೆ ದಾಟದ ಹಾಗೆ ನಾನು ಕಾವಲಿದ್ದೆ. ನೀವು ನನ್ನನ್ನ ಕಾವಲು ಬಿಡಿಸಿದ್ರಿ."

ರೆನಾಟಾ ಹಾಳೆ ತೆಗೆದಳು, ಪೆನ್ನು ಕೊಟ್ಟಳು. "ಹಾಗಾದ್ರೆ ಕೊನೆ ಬದಲಾಯಿಸೋಣ. ನೀವೇ ಬರೀರಿ ಈ ಸಲ. ವಾಪಸ್ ಕಳ್ಸಿ ಅವನನ್ನ."

"ಬರ್ದು ನೋಡಿದೆ. ವಾರದಿಂದ ಹಗಲೆಲ್ಲಾ ಅದನ್ನೇ ಮಾಡ್ತಿದೀನಿ. ರಾತ್ರಿ ಹೋಗು ಅಂದೆ. 'ನಂಗೆ ಬಾ ಅಂದ್ರಲ್ಲ' ಅಂದ ಅವನು. ಅವನು ಮಾತಾಡಿದ್ದು ಅದೊಂದೇ ಸಲ." ಲೋವೆಲ್ ಮುಂದೆ ಬಗ್ಗಿದ. "ಡಾಕ್ಟ್ರೇ, ನಿಮ್ಮನ್ನ ಬೇಡ್ಕೋತೀನಿ. ಆರ್ಡಿಸ್‌ಗೆ ಹೇಳಿ. ತನ್ನ ಕೋಣೆಗೆ ಹೋಗಿ ಮಲಗ್ಲಿ. ಅವನು ನನ್ನ ಕನಸಿಂದ ಬಂದೋನು, ನಾನಿದ್ದ ಕಡೆ ಬರ್ತಾನೆ. ಅವಳಿಲ್ದಿದ್ರೆ ನಾನು ಮತ್ತೆ ಅವನ ಕುತ್ತಿಗೆ ಹಿಡೀತೀನಿ. ಪಕ್ಕದಲ್ಲಿ ಅವಳನ್ನ ಇಟ್ಕೊಂಡು ಹೇಗೆ ಹಿಡೀಲಿ? ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

ಇದನ್ನೆಲ್ಲ ನಂಬಬೇಕೋ ಬೇಡವೋ ಎಂದು ರೆನಾಟಾ ತಲೆ ಕೆಡಿಸಿಕೊಂಡಳು. ಗೇಲ್‌ಗೆ ಹೇಳಿದರೆ ಅವಳು ಎಂದೂ ಇಲ್ಲದ ಹಾಗೆ ಬೀಜದ ಪೊಟ್ಟಣ ಮಡಚಿ ಬದಿಗಿಟ್ಟಳು. "ನಂಬೋದು ಬಿಡೋದು ನಮ್ಮ ಕೆಲಸ ಅಲ್ಲಮ್ಮಾ. ಹಾಸಿಗೆ ಅವರಿಬ್ಬರದು. ಇಬ್ಬರನ್ನೂ ಕೂರಿಸು. ಈ ಸಲ ಬಾಯಿ ಮುಚ್ಕೊಂಡು ಕೇಳು."

ಇಬ್ಬರನ್ನೂ ಕೂರಿಸಿದಳು. ಲೋವೆಲ್ ಹೇಳಬೇಕಾದ್ದನ್ನು ಹೇಳಿದ, ಅರ್ಧ ವಾಕ್ಯಗಳಲ್ಲಿ, ನೆಲ ನೋಡುತ್ತಾ. ಆರ್ಡಿಸ್ ಪೂರ್ತಿ ಕೇಳಿದಳು. ಆಮೇಲೆ ಮೂಗಿನ ಕೊಳವೆಯನ್ನು ಸರಿಮಾಡಿಕೊಂಡು ಗಂಡನ ಕಡೆ ತಿರುಗಿದಳು.

"ಏ ಪೆದ್ದ. ಅವನು ನಿನ್ನ ಕನಸಿಂದಲೇ ಬರ್ಲಿ, ಅಡುಗೆಮನೆ ಕಿಟಕಿಯಿಂದಲೇ ಬರ್ಲಿ. ನನ್ನ ಡಾಕ್ಟ್ರು ಏನು ಹೇಳಿದಾರೆ ಅಂತ ನಿಂಗೆ ಗೊತ್ತು. ಒಂದಲ್ಲ ಒಂದು ರಾತ್ರಿ ಅವನು ಬರೋನೇ ಆಗಿದ್ದ. ಆಗ ನಾನು ಎಲ್ಲಿರ್ತಿದ್ದೆ? ಆ ಕೋಣೇಲಿ, ಒಬ್ಬಳೇ, ಗೋಡೆ ನೋಡ್ಕೊಂಡು. ನೀನು ಪಕ್ಕದ ಕೋಣೇಲಿ ಕದ ಹಾಕ್ಕೊಂಡು ಮಲಗಿರ್ತಿದ್ದೆ. ನನ್ನನ್ನ ಕಾಪಾಡ್ತೀನಿ ಅಂತ ಹೇಳಿ ಇಡೀ ಬಾಳು ಒಬ್ಬಳನ್ನೇ ಬಿಟ್ಟೆ ನೀನು. ಇನ್ನೂ ಬಿಡ್ತೀಯಾ?"

ಲೋವೆಲ್‌ನ ಭುಜಗಳು ಅಲ್ಲಾಡತೊಡಗಿದವು. ಆರ್ಡಿಸ್ ಅವನ ಕೈ ಎತ್ತಿ, ಅಷ್ಟು ದೊಡ್ಡ ಕೈಯನ್ನು, ತನ್ನ ಕುತ್ತಿಗೆಯ ಮೇಲಿಟ್ಟುಕೊಂಡಳು. ಅವನು ಬೆಚ್ಚಿ ಕಿತ್ತುಕೊಳ್ಳಲು ಹೋದ, ಅವಳು ಬಿಡಲಿಲ್ಲ. ಗಡಿಯಾರ ಅವರ ಸಮಯ ಮುಗಿದದ್ದನ್ನು ತೋರಿಸುತ್ತಿತ್ತು. ಹೊರಗೆ ಇನ್ನೊಬ್ಬ ರೋಗಿಯನ್ನು ಕರೆತಂದ ಪ್ರೂಟ್ ಬಾಗಿಲಲ್ಲಿ ನಿಂತು ನೋಡಿ ಸದ್ದಿಲ್ಲದೆ ಹಿಂದೆ ಸರಿದರು. ರೆನಾಟಾಳ ನಾಲಗೆಯ ತುದಿಗೆ ಎಷ್ಟೋ ಬುದ್ಧಿಮಾತು ಬಂದವು. ಒಂದನ್ನೂ ಆಡಲಿಲ್ಲ.

ಫೆಬ್ರವರಿ ಮುಗಿಯುವ ಮೊದಲು, ಒಂದು ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಒರಗುತ್ತೇನೆಂದು ಮಲಗಿದ ಆರ್ಡಿಸ್ ಏಳಲಿಲ್ಲ. ಲೋವೆಲ್ ಪಕ್ಕದಲ್ಲೇ ಮಲಗಿದ್ದ. ಅವಳ ತಲೆ ಅವನ ತೋಳಿನ ಮೇಲಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹಾಟ್‌ಡಿಶ್ ಎಂಬ ಆಲೂಗಡ್ಡೆ-ಮಾಂಸದ ಬಿಸಿ ಅಡುಗೆ ಬಡಿಸಿದರು, ಕಾಫಿ ಸುರಿದರು, ಹವಾಮಾನದ ಮಾತಾಡಿದರು. ರೆನಾಟಾ ಸಾಲಿನಲ್ಲಿ ನಿಂತು ಲೋವೆಲ್‌ನ ಕೈ ಹಿಡಿದಾಗ ಅವನು ಎಂದಿನಂತೆ "ಪರವಾಗಿಲ್ಲ" ಎಂದ. ಅವಳಿಗೆ ಅಳು ತಡೆಯಲಾಗಲಿಲ್ಲ. ಹೊರಗೆ ಗಾಡಿಯಲ್ಲಿ ಕೂತು, ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಹೇಳಿಬಿಟ್ಟರೆ ಸಾಕು ಎಂದು ಅತ್ತಳು. ಹೇಳುವವರು ಯಾರೂ ಇರಲಿಲ್ಲ.

ಮುಂದಿನ ಭೇಟಿಗೆ ಲೋವೆಲ್ ತಪ್ಪದೆ ಬಂದ. ಹೆಂಡತಿ ಸತ್ತಳೆಂದು ಡಾಕ್ಟರ ಸಮಯ ತಪ್ಪಿಸುವ ಜಾತಿಯವನಲ್ಲ ಅವನು. ಗಡ್ಡ ಬೋಳಿಸಿ, ಅಂಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದ. ಪಕ್ಕದ ಕುರ್ಚಿಯಲ್ಲಿ ಟೋಪಿ ಇಡಲು ಹೋದವನು ತಡೆದು ಮೊಣಕಾಲಿನ ಮೇಲಿಟ್ಟುಕೊಂಡ.

"ನಿದ್ದೆ ಹೇಗಿದೆ?" ಎಂದಳು. ಬೇರೆ ಏನು ಕೇಳಬೇಕೋ ತೋಚಲಿಲ್ಲ.

"ಕಲ್ಲಿನ ಹಾಗೆ. ಬಿಪಿ ಹುಡುಗನ ಥರ ಇದ್ಯಂತೆ, ಪ್ರೂಟ್‌ಗೆ ಖುಷಿಯೋ ಖುಷಿ." ಅವನು ಗಂಟಲು ಸರಿಮಾಡಿಕೊಂಡ. "ಕನಸಿಲ್ಲ. ಹೊಳೆ ಇಲ್ಲ. ಮಲಗ್ತೀನಿ, ಕಪ್ಪು, ಏಳ್ತೀನಿ. ನಂಗೆ ಅದು ವಾಪಸ್ ಬೇಕು ಡಾಕ್ಟ್ರೇ."

"ಏನು ವಾಪಸ್ ಬೇಕು?"

"ಕನಸು. ಬಿಡಿಸೋಕೆ ಗೊತ್ತಿದ್ದೋರಿಗೆ ಹಚ್ಚೋಕೂ ಗೊತ್ತಿರ್ಬೇಕಲ್ಲ. ಅವಳು ಆ ಕಡೆ ಹೋಗಿದಾಳೆ. ಪರ್ಡಿ ಕೂಗಿದಾಗ ಈ ಕಡೆ ಇದ್ದೋರು ನಾವೆಲ್ಲಾ ಕಿವಿ ಮುಚ್ಕೊಂಡ್ವಿ. ಅವಳು ಕೂಗಿದ್ರೆ ಕೇಳಿಸ್ಕೊಳ್ಳೋಕೆ ದಡದಲ್ಲಿ ಒಬ್ಬರಾದ್ರೂ ಬೇಡ್ವಾ? ನಾನು ದಾಟಲ್ಲ. ಸಾಯೋ ಯೋಚ್ನೆ ಇದ್ಯಾ ಅಂತ ನೀವು ಕೇಳ್ಬೇಕು, ಗೊತ್ತು. ಇಲ್ಲ. ಸುಮ್ನೆ ನಿಂತ್ಕೋಬೇಕು ಅಷ್ಟೇ."

ರೆನಾಟಾ ಎದ್ದು ರೆಕಾರ್ಡ್ ಮಾಡುವ ಯಂತ್ರ ಆರಿಸಿದಳು. ತರಬೇತಿಯಲ್ಲಿರುವವರು ಹಾಗೆ ಮಾಡಕೂಡದು. ವಾಪಸ್ ಬಂದು ತನ್ನ ಕುರ್ಚಿ ಬಿಟ್ಟು ಅವನ ಪಕ್ಕ, ಆರ್ಡಿಸ್ ಕೂರುತ್ತಿದ್ದಲ್ಲಿ ಕೂತಳು.

"ಅವರು ಕೂಗಲ್ಲ," ಎಂದಳು. "ಬೂದು ಬಣ್ಣದ ಸ್ವೆಟರ್ ಹಾಕ್ಕೊಂಡು ಒಂದು ಮರದ ಬೊಡ್ಡೆ ಮೇಲೆ ಕೂತಿರ್ತಾರೆ. ಮೂಗಲ್ಲಿ ಕೊಳವೆ ಇಲ್ಲ. ನನ್ನ ನೋಡಿದ್ರೆ ಕೈ ಬೀಸ್ತಾರೆ."

ಲೋವೆಲ್ ಅಲ್ಲಾಡಲಿಲ್ಲ. "ಯಾವಾಗಿಂದ?"

"ಮಣ್ಣು ಮಾಡಿದ ರಾತ್ರಿಯಿಂದ ಆ ಹೊಳೆ ಕನಸು ನಂಗೆ ಬರ್ತಿದೆ. ಯಾರಿಗೂ ಹೇಳಿಲ್ಲ ನಾನು."

ಅವನು ಮುಖವನ್ನು ಟೋಪಿಯಲ್ಲಿ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ, ಎರಡೂ ಇರಬಹುದು. "ಉಸಿರಾಡ್ತಾಳಾ? ಸಲೀಸಾಗಿ?"

"ಸಲೀಸಾಗಿ."

"ಪರ್ಡಿ?"

"ಕುಳ್ಳಗೆ ಒಬ್ಬ ಹುಡುಗ ಇರ್ತಾನೆ ಪಕ್ಕದಲ್ಲಿ. ಅವನಿಗೆ ಏನೋ ತಿನ್ನಿಸ್ತಿರ್ತಾರೆ."

"ತಿನ್ನಿಸ್ತಾಳೆ ಅವಳು. ಬಿಡ್ತಾಳಾ!" ಅವನು ಕಣ್ಣೊರೆಸಿಕೊಂಡ. ಆಮೇಲೆ ಅವನ ದನಿ ಬೇರೆಯಾಯಿತು. "ಇವರಿಬ್ಬರೇನಾ ಆ ದಡದಲ್ಲಿ? ಉದ್ದನೆಯೋನು?"

ರೆನಾಟಾ ನೆನಪು ಮಾಡಿಕೊಂಡಳು. ಬೊಡ್ಡೆ, ಸ್ವೆಟರ್, ಹುಡುಗ, ಹಿಂದೆ ಹುಲ್ಲು. "ಇಲ್ಲ," ಎಂದಳು. "ಅವನು ಆ ಕಡೆ ಇಲ್ಲ."

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದೇನು ಎಂದು ಅರ್ಥವಾಯಿತು. ಲೋವೆಲ್‌ಗೆ ಅವಳಿಗಿಂತ ಮೊದಲೇ ಅರ್ಥವಾಗಿತ್ತು.

"ವಾಪಸ್ ಹೋಗಿಲ್ಲ. ಈ ಕಡೆನೇ ಇದಾನೆ, ಕನಸು ಈಗ ನಿಮ್ದು," ಎಂದ ಮೆಲ್ಲಗೆ. "ಡಾಕ್ಟ್ರೇ, ಮನೇಲಿ ನಿಮ್ಮ ಪಕ್ಕ ಯಾರು ಮಲಗ್ತಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

"ಒಳ್ಳೇದಾಯ್ತು. ಅವನು ಬಂದ್ರೆ ಪಕ್ಕದೋರಿಗೆ ತೊಂದ್ರೆ ಇಲ್ಲ," ಎಂದು ಅವನು ಉಸಿರು ಬಿ​ಟ್ಟ. ಟೋಪಿ ಹಾಕಿಕೊಂಡು ಎದ್ದ, ಬಾಗಿಲವರೆಗೆ ಹೋದ, ಚಿಲಕದ ಮೇಲೆ ಕೈಯಿಟ್ಟು ನಿಂತ. ಹಾಗೆಯೇ ತಿರುಗಿ ಬಂದು ಅವಳ ಪಕ್ಕ ಮತ್ತೆ ಕೂತ.

"ಅಲ್ಲ," ಎಂದ. "ಒಳ್ಳೇದಲ್ಲ ಅದು. ಅವನು ಬಂದಾಗ ಒಬ್ಬರೇ ಇರ್ಬಾರ್ದು. ಯಾರನ್ನಾದ್ರೂ ಕರ್ಕೊಳ್ಳಿ, ಮಗಳೇ."